ಕಂಪ್ಯೂಟರ್ ನಕ್ಷೆಯಲ್ಲಿ ನನ್ನ ನಲವತ್ತಮೂರು ಮನೆ

ಹೆಮ್ಮೆ ಅನ್ನುವುದು ಗಂಜಿಯ ಹಾಗೆ. ಹದವಾಗಿ ಹಾಕಿದರೆ ಬಟ್ಟೆ ನೆಟ್ಟಗೆ ನಿಲ್ಲುತ್ತದೆ. ಹೆಚ್ಚಾದರೆ ತೊಟ್ಟವರ ಕುತ್ತಿಗೆಯನ್ನೇ ಕೊಯ್ಯುತ್ತದೆ. ಊರವರ ಬಟ್ಟೆಗೆಲ್ಲ ಗಂಜಿ ಹಾಕಿ ಮುದುಕಿಯಾದ ನನಗೆ ಇಷ್ಟು ಗೊತ್ತಿಲ್ಲದೆ ಇಲ್ಲ. ಆದರೂ ಮೊಮ್ಮಗಳ ವಿಷಯ ಬಂತೆಂದರೆ ಕೈ ತಡೆಯುವುದಿಲ್ಲ, ಪಾತ್ರೆಯನ್ನೇ ಬಗ್ಗಿಸಿಬಿಡುತ್ತೇನೆ. ಹಲಸೂರಿನ ನಮ್ಮ ಬೀದಿಯಲ್ಲಿ ಈಗ ನನ್ನನ್ನು ದೂರದಿಂದ ಕಂಡರೆ ಕೆಲವರು ಚಪ್ಪಲಿ ಸರಿ ಮಾಡಿಕೊಳ್ಳುವವರಂತೆ ಬಗ್ಗಿ ಕೂರುತ್ತಾರೆ. ಸೊಪ್ಪಿನವಳಂತೂ ನಾನು ಬಾಯಿ ತೆರೆಯುವ ಮೊದಲೇ, "ಗೊತ್ತಾಯ್ತು ಸಾಕಮ್ಮಾ. ನಿಮ್ಮ ಮೊಮ್ಮಗಳು, ಕಂಪ್ಯೂಟರು, ಮ್ಯಾಪು. ಈಗ ಮೆಂತ್ಯ ಬೇಕಾ ಬೇಡ್ವಾ ಹೇಳಿ" ಅನ್ನುತ್ತಾಳೆ. ನಾನು ಮೆಂತ್ಯ ತೆಗೆದುಕೊಳ್ಳುತ್ತೇನೆ, ತೆಗೆದುಕೊಳ್ಳುತ್ತಲೇ ಹೇಳಿಯೂ ಹೇಳುತ್ತೇನೆ. ಓದುವ ನಿಮಗೆ ಬಗ್ಗಿ ಕೂರಲು ಚಪ್ಪಲಿಯ ನೆಪವೂ ಇಲ್ಲ, ಆದ್ದರಿಂದ ಪೂರ್ತಿ ಹೇಳಿಬಿಡುತ್ತೇನೆ.

ನಾನು ಓದಿದ್ದು ಮೂರನೇ ಕ್ಲಾಸು. ಮೇಷ್ಟ್ರು ನನ್ನನ್ನು ಫೇಲು ಮಾಡಲಿಲ್ಲ. ಅವರಿಗೆ ಆ ತೊಂದರೆ ಕೊಡದೆ ನಾನೇ ಬಿಟ್ಟು ಬಂದೆ. ನಮ್ಮದು ಮಡಿವಾಳರ ಮನೆ. ಕೆರೆಯ ಕಡೆ ಒಗೆಯುವ ಕಲ್ಲು, ಕಂಟೋನ್ಮೆಂಟಿನ ಕಡೆ ವರ್ತನೆಯ ಮನೆಗಳು, ಅಂದರೆ ವಾರ ತಪ್ಪದೆ ನಮಗೇ ಬಟ್ಟೆ ಹಾಕುವ ಮನೆಗಳು. ಮದುವೆಯಾಗಿ ಬಂದ ಮೇಲೆ ನನಗೂ ನಮ್ಮ ಯಜಮಾನರಿಗೂ ಸೇರಿ ನಲವತ್ತಮೂರು ಮನೆ ಇದ್ದವು. ಸೋಮವಾರ ಗಂಟು ತರುವುದು, ಶುಕ್ರವಾರ ಮಡಿಸಿ ಕೊಡುವುದು. ಅಷ್ಟು ಮನೆಯ ಬಟ್ಟೆ ಒಂದೇ ಕಲ್ಲಿಗೆ ಬಿದ್ದರೆ ಯಾರದು ಯಾವುದು ಅಂತ ತಿಳಿಯುವುದು ಹೇಗೆ? ಅದಕ್ಕೇ ಗುರುತು. ಕರಿಗೇರು ಕಾಯಿಗೆ ಸೂಜಿ ಚುಚ್ಚಿ, ಅದರ ರಸದಲ್ಲಿ ಕಾಲರಿನ ಒಳಗೆ, ಹಾಸಿಗೆ ಬಟ್ಟೆಯ ಮೂಲೆಗೆ ಒಂದು ಚುಕ್ಕೆ, ಎರಡು ಗೀಟು, ಹೀಗೆ ಮನೆಗೊಂದು ಗುರುತು ಹಾಕುತ್ತಿದ್ದೆವು. ಆ ರಸ ಒಮ್ಮೆ ಹಿಡಿಯಿತೆಂದರೆ ಬಟ್ಟೆ ಹರಿದರೂ ಗುರುತು ಹೋಗದು. ತೊಂಬತ್ತರ ಸುಮಾರಿಗೆ ಮನೆಮನೆಗೂ ಮಿಷನ್ನು ಬಂದು ಆ ಮನೆಗಳು ಒಂದೊಂದಾಗಿ ಕಳಚಿಕೊಂಡವು. ನಮ್ಮ ಮಗ ಇಂದಿರಾನಗರದಲ್ಲಿ ಇಸ್ತ್ರಿ ಅಂಗಡಿ ಹಾಕಿದ. ಅವನ ಮಗಳೇ ಕಾವ್ಯ. ಚರಿತ್ರೆಯಲ್ಲಿ ಎಂ.ಎ. ಓದುತ್ತಿದ್ದವಳು.

ಇದು ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಕಾವ್ಯ ದಿನಾ ಕಾಲೇಜು ಬಿಟ್ಟ ಮೇಲೆ ಒಂದು ಹಳೆಯ ಬಂಗಲೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಕಂಟೋನ್ಮೆಂಟಿನ ಹಳೆಯ ಫೋಟೋ, ಕಾಗದ, ಮದುವೆ ಕರೆಯೋಲೆ ಎಲ್ಲವನ್ನೂ ಜನರಿಂದ ಕೇಳಿ ತಂದು ಕಂಪ್ಯೂಟರಿಗೆ ಹತ್ತಿಸುತ್ತಾರಂತೆ. ಕಪಾಟಿನಲ್ಲಿ ಇಟ್ಟರೆ ಜಿರಳೆ ಬಿಟ್ಟು ಇನ್ಯಾರೂ ನೋಡುವುದಿಲ್ಲ ಅಂತ, ಊರಿನ ನಕ್ಷೆಯ ಮೇಲೆ ಎಲ್ಲಿಯದನ್ನು ಅಲ್ಲೇ ಗುಂಡುಪಿನ್ನಿನ ಹಾಗೆ ಚುಚ್ಚಿ ಇಡುತ್ತಾರೆ. ಪಿನ್ನಿನ ಮೇಲೆ ಒತ್ತಿದರೆ ಅಲ್ಲಿದ್ದ ಮನೆಯ ಫೋಟೋ ತೆರೆಯುತ್ತದೆ; ಇನ್ನೊಮ್ಮೆ ಒತ್ತಿದರೆ ಆ ಮನೆಯವರ ಕಾಗದ ಬರುತ್ತದೆ. ಹಳೆಯ ನಕ್ಷೆಯನ್ನು ಹೊಸದರ ಮೇಲೆ ತೆಳು ಪಂಚೆಯ ಹಾಗೆ ಹೊದಿಸಿ, ಯಾವ ರಸ್ತೆ ಎಲ್ಲಿತ್ತು ಅಂತಲೂ ನೋಡಬಹುದು. ಕಾವ್ಯ ಇದನ್ನೆಲ್ಲ ವಿವರಿಸುವಾಗ ಯಜಮಾನರು, "ಯಾರ ಮನೆ ಎಲ್ಲಿತ್ತು ಅಂತ ತಿಳ್ಕೊಳ್ಳೋಕೆ ಇಷ್ಟೆಲ್ಲಾ ಬೇಕಾ? ನಿಮ್ಮಜ್ಜಿನ ಕೇಳಿದ್ರೆ ಯಾರ ಮನೇಲಿ ಏನು ಸಾರು ಅಂತಾನೂ ಹೇಳ್ತಾಳೆ" ಅಂದರು. ಅವರು ಹೊಗಳಿದ್ದೋ ಬೈದಿದ್ದೋ ಮದುವೆಯಾದ ದಿನದಿಂದ ನನಗೆ ತಿಳಿದಿಲ್ಲ.

ಒಂದು ದಿನ ಆ ಬಂಗಲೆಗೆ ಯಾರೋ ಕೊಟ್ಟ ಟ್ರಂಕಿನಲ್ಲಿ ಒಂದು ಹಳೆಯ ಹಾಸಿಗೆ ಬಟ್ಟೆ ಸಿಕ್ಕಿತು. ಮೂಲೆಯಲ್ಲಿ ಎರಡು ಚುಕ್ಕೆ, ಕೆಳಗೊಂದು ಗೀಟು. ಅಲ್ಲಿನ ಮೇಡಮ್ಮು ಅದನ್ನು ಯಾವುದೋ ರೆಜಿಮೆಂಟಿನ ಗುರುತು ಅಂತ ಬರೆದುಕೊಳ್ಳುತ್ತಿದ್ದರಂತೆ. ಕಾವ್ಯ, "ಮೇಡಮ್, ಇದು ಮಡಿವಾಳರ ಗುರುತು. ನಮ್ಮಜ್ಜಿ ನೋಡಿದ್ರೆ ಯಾರ ಮನೇದು ಅಂತ ಹೇಳ್ತಾರೆ" ಅಂದು, ಅದರ ಫೋಟೋ ತೆಗೆದು ಮನೆಗೆ ತಂದಳು. ನಾನು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. "ಮಿಲಿಟರಿ ಡಾಕ್ಟರ ಮನೇದು. ನೆಂಟರು ಮಲಗೋ ಕೋಣೇದು, ಅಂಚು ನೋಡು" ಅಂದೆ. ಯಜಮಾನರು ಬಗ್ಗಿ ನೋಡಿ, "ಮಡಿಕೆ ಹಪ್ಪಳದ ಹಾಗೆ ನಿಂತಿದೆ. ನಿನ್ನ ಕೈದೇ" ಅಂದರು.

ಅಲ್ಲಿಂದ ಶುರುವಾಯಿತು. ಮೇಡಮ್ಮು ಕಾವ್ಯನಿಗೆ ಒಂದು ತಿಂಗಳು ಕೊಟ್ಟರು. ಅಜ್ಜಿಗೆ ಗೊತ್ತಿರುವ ಮನೆಗಳನ್ನೆಲ್ಲ ನಕ್ಷೆಯಲ್ಲಿ ಇಡಬೇಕು; ಪಿನ್ನಿನ ಬದಲು ಆಯಾ ಮನೆಯ ಗುರುತನ್ನೇ ಬರೆಯಬೇಕು; ಒತ್ತಿದರೆ ಅಜ್ಜಿ ಹೇಳಿದ ಮಾತು ಕೇಳಿಸಬೇಕು. ತಿಂಗಳ ಕೊನೆಯ ಶನಿವಾರ ಹಳೆಯ ಕುಟುಂಬದವರನ್ನೆಲ್ಲ ಕರೆದು ತೋರಿಸುತ್ತಾರೆ. ಸರಿಯಾಗಿದ್ದರೆ ಆ ಭಾಗ ಕಾವ್ಯನ ಹೆಸರಿನಲ್ಲಿ ಉಳಿಯುತ್ತದೆ. ತಪ್ಪಿದ್ದರೆ ತೆಗೆದುಹಾಕುತ್ತಾರೆ. ಮೊದಲ ಸಲ ಒಂದು ಕೆಲಸ ನನ್ನ ಮೊಮ್ಮಗಳ ಹೆಸರಿನಲ್ಲಿ ನಿಲ್ಲುವುದು ನನ್ನ ನೆನಪಿನ ಮೇಲೆ ನಿಂತಿತ್ತು. ನನಗೆ ಆವತ್ತಿನಿಂದ ಅನ್ನ ಇಳಿಯಲಿಲ್ಲ ಅಂತ ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ ಖುಷಿಗೆ ಎರಡು ತುತ್ತು ಹೆಚ್ಚೇ ಇಳಿಯಿತು.

ಕಾವ್ಯ ಮನೆಯಲ್ಲೇ ನನ್ನನ್ನು ತನ್ನ ಕಂಪ್ಯೂಟರಿನ ಮುಂದೆ ಕೂರಿಸಿ ನಕ್ಷೆಯನ್ನು ಆಕಾಶದಿಂದ ತೆಗೆದ ಫೋಟೋ ಮಾಡಿದಳು. ಬರೀ ತಾರಸಿ, ನೀರಿನ ಟ್ಯಾಂಕು. "ಇದರಲ್ಲಿ ಹೇಗೆ ಗೊತ್ತಾಗುತ್ತೆ ಮಗಾ, ಬೈತಲೆ ನೋಡಿ ಹೆಣ್ಣು ಯಾರ ಮನೇದು ಹೇಳು ಅಂದ ಹಾಗಾಯ್ತು" ಅಂದೆ. ಆಮೇಲೆ ಕೆರೆ ಕಂಡಿತು. ಕೆರೆ ಕಂಡ ಮೇಲೆ ನನಗೆ ಯಾರ ಹಂಗೂ ಬೇಕಾಗಲಿಲ್ಲ. ಕಣ್ಣು ಅರ್ಧ ಮುಚ್ಚಿ, ತಲೆಯ ಮೇಲೆ ಗಂಟಿದೆ ಅಂದುಕೊಂಡು, ಬೆರಳಿನಲ್ಲಿ ನಡೆಯುತ್ತಾ ಹೋದೆ. ಇಲ್ಲಿ ತಿರುಗಬೇಕು, ಇಲ್ಲಿ ಬಾವಿ, ಇಲ್ಲಿಂದ ಗೋಡೆ ಹಿಡಿದು ಏಳನೇ ಗೇಟು ಡಾಕ್ಟರದು. "ಆರನೇದು" ಅಂದರು ಯಜಮಾನರು. ಅವರ ಲೆಕ್ಕ ನಾಯಿಗಳದ್ದು. ತಮಗೆ ಕಚ್ಚಿದ ನಾಯಿ ಯಾವ ಗೇಟಿನಲ್ಲಿತ್ತು, ಬರೀ ಬೊಗಳಿದ್ದು ಯಾವ ಗೇಟಿನಲ್ಲಿತ್ತು ಅಂತ ಅವರ ತಲೆಯಲ್ಲಿ ಇಡೀ ಕಂಟೋನ್ಮೆಂಟು ಹಲ್ಲಿನ ಗುರುತಿನಲ್ಲಿ ಬರೆದಿದೆ. "ಆರನೇದು ಟೀಚರಮ್ಮಂದು ಕಣ್ರೀ, ವಾರಕ್ಕೆ ಒಂದೇ ಕರ್ಚೀಫ್ ಕೊಡ್ತಿದ್ರಲ್ಲ" ಅಂದೆ. "ಹೌದಲ್ವಾ, ಅಲ್ಲಿ ನಾಯಿನೇ ಇರಲಿಲ್ಲ" ಅಂತ ಒಪ್ಪಿಕೊಂಡರು. ಪ್ರತಿ ಮನೆಗೂ ಹೀಗೇ. ಶಿವಾಜಿನಗರದಲ್ಲಿ ಅಂಗಡಿ ಇದ್ದ ಜವಳಿ ವ್ಯಾಪಾರಿಯ ಮನೆಗೆ ಬಂದಾಗ ನಾನು ಅವರ ಹೆಂಡತಿಯ ಮಾತನ್ನೇ ಆಡಿ ತೋರಿಸಿದೆ: "ಕಾಲರ್ ಕಡಕ್ ಹೋನಾ ಅಮ್ಮಾ, ನರಮ್ ನಕ್ಕೋ." ಕಾಲರು ಬಿರುಸಾಗಿರಬೇಕು, ಮೆತ್ತಗೆ ಬೇಡ ಅಂತ. ಕಾವ್ಯ ಅದನ್ನೂ ರೆಕಾರ್ಡು ಮಾಡಿಕೊಂಡಳು. ಹತ್ತು ದಿನದಲ್ಲಿ ನಲವತ್ತಮೂರೂ ಮನೆ ನಿಂತವು. ಚುಕ್ಕೆ, ಗೀಟು, ಕೊಕ್ಕೆ, ನಕ್ಷತ್ರ. ನನ್ನ ಅಕ್ಷರ ಕಂಪ್ಯೂಟರಿನಲ್ಲಿ ಹೊಳೆಯುತ್ತಿತ್ತು. ಮೂರನೇ ಕ್ಲಾಸಿನ ಮೇಷ್ಟ್ರು ಇದ್ದಿದ್ದರೆ ಅವರ ಮನೆಯನ್ನೂ ಹುಡುಕಿಕೊಂಡು ಹೋಗಿ ತೋರಿಸುತ್ತಿದ್ದೆ.

ಬೀದಿಗೆಲ್ಲ ಹೇಳಿ ಮುಗಿಸಿದ್ದೆ, ಆಗ ಕಲ್ಲು ಬಿತ್ತು. ಆ ನಕ್ಷೆಯನ್ನು ಯಾರು ಬೇಕಾದರೂ ತಮ್ಮ ಮನೆಯಲ್ಲಿ ಕೂತು ನೋಡಬಹುದು, ನೋಡಿದವರು ಎರಡು ಮಾತು ಬರೆಯಲೂಬಹುದು. ಮಿಲಿಟರಿ ಡಾಕ್ಟರ ಮೊಮ್ಮಗ ಹೊರಮಾವಿನಲ್ಲಿ ಇದ್ದವರು, ಅವರು ನೋಡಿ ಬರೆದಿದ್ದರು. ಕಾವ್ಯ ಸಣ್ಣ ದನಿಯಲ್ಲಿ ಓದಿದಳು: "ನಮ್ಮ ಮನೆಯನ್ನು ತಪ್ಪು ಜಾಗದಲ್ಲಿ ತೋರಿಸಿದ್ದೀರಿ. ಅದು ಇದ್ದದ್ದು ದೊಡ್ಡ ರಸ್ತೆಗೆ. ಇದನ್ನು ಗುರುತು ಮಾಡಿದವರು ನಮ್ಮ ಮನೆಗೆ ಯಾವತ್ತೂ ಬಂದಿರಲಾರರು."

ಬಂದಿರಲಾರರು. ಇಪ್ಪತ್ತೆರಡು ವರ್ಷ ಅವರ ಮನೆಯ ಗಂಟು ಹೊತ್ತವಳು ನಾನು. ಆ ಬರೆದವರ ತೊಟ್ಟಿಲ ಬಟ್ಟೆಯನ್ನೂ ಒಗೆದಿದ್ದೇನೆ. ಆದರೆ ಮೇಡಮ್ಮು ಹಳೆಯ ಸರ್ವೆ ನಕ್ಷೆಯನ್ನು ಮೇಲೆ ಹೊದಿಸಿ ನೋಡಿದಾಗ ಅವರ ಮಾತೇ ನಿಜವಾಯಿತು. ಡಾಕ್ಟರದೊಂದೇ ಅಲ್ಲ, ನಲವತ್ತಮೂರರಲ್ಲಿ ಒಂದು ಮನೆಯೂ ತನ್ನ ರಸ್ತೆಯಲ್ಲಿ ಇರಲಿಲ್ಲ. ಎಲ್ಲವೂ ಎರಡು ರಸ್ತೆಗಳ ನಡುವೆ, ರಸ್ತೆಯೇ ಇಲ್ಲದ ಕಡೆ, ತಂತಿಯ ಮೇಲೆ ಕಾಗೆ ಕೂತ ಹಾಗೆ ಸಾಲಾಗಿ ಕೂತಿದ್ದವು. ಕೆಲವು ಈಗಿನ ಅಪಾರ್ಟ್‌ಮೆಂಟುಗಳ ಕಾರು ನಿಲ್ಲಿಸುವ ಜಾಗದಲ್ಲಿದ್ದವು. ಶುಕ್ರವಾರದೊಳಗೆ ಸರಿಮಾಡು, ಇಲ್ಲದಿದ್ದರೆ ಈ ಭಾಗವನ್ನು ಬಿಟ್ಟೇ ತೋರಿಸೋಣ ಅಂದರಂತೆ ಮೇಡಮ್ಮು. ಕಾವ್ಯ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ವಯಸ್ಸಾಯ್ತಲ್ಲ ಅಜ್ಜಿ, ಇರ್ಲಿ ಬಿಡು" ಅಂದಳು.

ಮಾರನೆಯ ದಿನ ಅವಳು ಕಾಲೇಜಿಗೆ ಹೋಗಿದ್ದಾಗ, ನಾನು ಮಾಡಿದ ತಪ್ಪು ನಾನೇ ಸರಿಮಾಡುತ್ತೇನೆ ಅಂತ ಕಂಪ್ಯೂಟರಿನ ಮುಂದೆ ಕೂತೆ. ಗುರುತನ್ನು ಒತ್ತಿ ಹಿಡಿದು ಎಳೆದರೆ ಅದು ಬರುತ್ತದೆ ಅಂತ ನೋಡಿ ಇಟ್ಟುಕೊಂಡಿದ್ದೆ. ಒಗೆಯುವ ಕೈ ನನ್ನದು. ಹಿಂಡುವುದು ಗೊತ್ತು, ಮೆಲ್ಲಗೆ ಎಳೆಯುವುದು ಗೊತ್ತಿಲ್ಲ. ಟೀಚರಮ್ಮನ ಮನೆ ಜಾರಿ ಕಮರ್ಷಿಯಲ್ ಸ್ಟ್ರೀಟಿನ ನಟ್ಟನಡುವೆ ನಿಂತಿತು. ಅದನ್ನು ಹಿಡಿಯಲು ಹೋಗಿ ಡಾಕ್ಟರ ಮನೆಗೆ ಕೈ ತಗುಲಿತು. ಹಿಂದೆ ಬಂದು ನಿಂತಿದ್ದ ಯಜಮಾನರು, "ಲೇ, ಡಾಕ್ಟರ ಮನೇನ ಕೆರೆಗೆ ಹಾಕ್ದೆಯಲ್ಲೇ" ಅಂದರು. ನೋಡಿದರೆ ನಿಜವಾಗಿಯೂ ನೀರಿನ ನಡುವೆ ಎರಡು ಚುಕ್ಕೆ, ಒಂದು ಗೀಟು. "ಬಟ್ಟೇನ ಒಗೆದಿದ್ದು ಸಾಲಲಿಲ್ಲ, ಈಗ ಮನೇನೇ ಒಗೀತಿದೀಯ" ಅಂದರು. ಸಂಜೆ ಕಾವ್ಯ ಬಂದು ಅದೇನೋ ಎರಡು ಗುಂಡಿ ಒತ್ತಿ ಎಲ್ಲವನ್ನೂ ಮೊದಲಿನ ಜಾಗಕ್ಕೆ ತಂದಳು. ಸಂಸಾರದಲ್ಲಿ ಅಂಥ ಗುಂಡಿ ಇದ್ದಿದ್ದರೆ ನಾನು ಯಜಮಾನರ ಅರ್ಧ ಮಾತನ್ನು ಅವರ ಬಾಯಿಗೇ ವಾಪಸ್ಸು ಹಾಕುತ್ತಿದ್ದೆ.

ಗುರುವಾರ ಕಾವ್ಯ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟಳು. ನಲವತ್ತಮೂರರಲ್ಲಿ ಕೆಡವದೆ ಉಳಿದದ್ದು ಡಾಕ್ಟರ ಮನೆ ಒಂದೇ. ಅದೂ ಈಗ ಯಾವುದೋ ಆಫೀಸು. ದೊಡ್ಡ ರಸ್ತೆಯಲ್ಲಿ ಇಳಿದು ಅವಳು, "ಇದೇ ಅಲ್ವಾ ಅಜ್ಜಿ?" ಅಂದಳು. ನಾನು ನೋಡಿದೆ. ಬಿಳಿಯ ಕಂಬ, ಕಾರು ಬಂದು ನಿಲ್ಲುವ ಮಾಡು, ಮೆಟ್ಟಿಲ ಎರಡೂ ಕಡೆ ಹೂವಿನ ಕುಂಡ. "ಇದಲ್ಲ ಮಗಾ. ಡಾಕ್ಟರ ಮನೆ ಇಷ್ಟು ಚೆಂದ ಇರಲಿಲ್ಲ" ಅಂದೆ. ಅವಳು ಬಂಗಲೆಯಿಂದ ತಂದಿದ್ದ ಹಳೆಯ ಫೋಟೋ ತೆಗೆದು ತೋರಿಸಿದಳು. ಅದೇ ಕಂಬ, ಅದೇ ಮೆಟ್ಟಿಲು. ಮೆಟ್ಟಿಲ ಮೇಲೆ ಡಾಕ್ಟರು. ನೆನಪು ಪೂರ್ತಿ ಹೋಯಿತು, ಇನ್ನು ನಾಳೆ ಈ ಮೊಮ್ಮಗಳನ್ನೂ ಯಾರು ಅನ್ನುತ್ತೇನೆ ಅಂತ ಹೆದರಿಕೆಯಾಯಿತು.

ವಾಚ್‌ಮನ್ ಒಳ್ಳೆಯವನು. "ಹಿಂದೆ ಬೇಕಾದ್ರೆ ನೋಡ್ಕೊಂಡ್ ಬನ್ನಿ ಅಮ್ಮಾ" ಅಂದ. ಕಾಂಪೌಂಡಿನ ಪಕ್ಕದಲ್ಲೇ ಸುತ್ತಿ ಹಿಂದೆ ಹೋದೆವು. ಅಷ್ಟೇ. ಸೀಬೆ ಮರ. ಅಡುಗೆ ಮನೆಯ ಹೊಗೆ ಕಿಂಡಿ. ಮೂಲೆ ಒಡೆದ ಒಗೆಯುವ ಕಲ್ಲು. ಗೋಡೆಯಲ್ಲಿ ಒಂದು ಸಣ್ಣ ಗೇಟಿನ ಜಾಗ, ಈಗ ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ. "ಇದೇ. ಏಳನೇ ಗೇಟು" ಅಂದೆ. ಅಡುಗೆಯವನು ನಿಲ್ಲುತ್ತಿದ್ದ ಜಾಗ ತೋರಿಸಿದೆ, ಗಂಟು ಇಳಿಸುತ್ತಿದ್ದ ಕಟ್ಟೆ ತೋರಿಸಿದೆ, ಆ ಗೇಟಿನಾಚೆ ಇದ್ದ ಓಣಿ ತೋರಿಸಿದೆ. ಎರಡು ಸಾಲು ಬಂಗಲೆಗಳ ಬೆನ್ನಿನ ನಡುವೆ ಹೋಗುತ್ತಿದ್ದ ಓಣಿ. ಹಾಲಿನವನು, ಸೌದೆಯವನು, ಜಾಡಮಾಲಿ, ನಾವು, ಎಲ್ಲ ಅದರಲ್ಲೇ ಓಡಾಡುತ್ತಿದ್ದದ್ದು. ಈಗ ಅದರ ಮೇಲೆ ಪಕ್ಕದ ಅಪಾರ್ಟ್‌ಮೆಂಟಿನವರ ಕಾರು ನಿಂತಿದ್ದವು.

ಕಾವ್ಯ ಆ ಒಗೆಯುವ ಕಲ್ಲಿನ ಮೇಲೆ ಕೂತು ಮೊದಲು ನಕ್ಕಳು. ಆಮೇಲೆ ಆ ಮುಚ್ಚಿದ ಗೇಟಿನ ಕಡೆ ನೋಡಿದಳು. "ಇಪ್ಪತ್ತೆರಡು ವರ್ಷ ಬಂದಿದ್ದೀಯ ಅಜ್ಜಿ. ಒಂದ್ ಸಲನೂ ಮುಂದೆ ಹೋಗಿ ನೋಡಿಲ್ವಾ?"

"ಮುಂದೆ ಏನಿತ್ತೇ ನೋಡೋಕೆ? ಕೊಳೆ ಬಟ್ಟೆ ಎಲ್ಲಾ ಹಿಂದೇನೇ ಇರ್ತಿತ್ತು."

ನನಗೆ ಅದು ದೊಡ್ಡ ಮಾತಾಗಿ ಕಂಡಿರಲಿಲ್ಲ. ಮುಂಬಾಗಿಲಿನಿಂದ ಬರಬೇಡ ಅಂತ ಯಾರೂ ನನಗೆ ಬಾಯಿಬಿಟ್ಟು ಹೇಳಿದ್ದಿಲ್ಲ. ಕಾಲಿಗೆ ತಾನಾಗಿಯೇ ಗೊತ್ತಿತ್ತು, ಅಷ್ಟೇ. ಆದರೆ ಕಾವ್ಯ ಆಟೋದಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ನೇರ ಬಂಗಲೆಗೆ ಹೋಗಿ ಮೇಡಮ್ಮಿನ ಮುಂದೆ ನಲವತ್ತಮೂರು ಗುರುತನ್ನೂ ಒಂದಕ್ಕೊಂದು ಗೆರೆ ಎಳೆದು ಸೇರಿಸಿದಳು. ಗೆರೆ ನೆಟ್ಟಗೆ ಓಡಿ, ಬಾವಿಯ ಹತ್ತಿರ ತಿರುಗಿ, ಕೆರೆಯವರೆಗೂ ಬಂತು. ಸರ್ವೆ ನಕ್ಷೆಯಲ್ಲಿ ಅಲ್ಲಿ ಬರೀ ಬಿಳಿ ಜಾಗ. ಮೇಡಮ್ಮು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಒಂದನ್ನೂ ಅಳಿಸಬೇಡ" ಅಂದರು.

ಶುಕ್ರವಾರ ಪೂರ್ತಿ ಕೂತು ಕಾವ್ಯ ನಕ್ಷೆಯ ಬದಿಗೆ ಎರಡು ಸಣ್ಣ ಚೌಕ ಮಾಡಿದಳು. ಮೊದಲನೆಯದನ್ನು ಒತ್ತಿದರೆ ಮುಂಬಾಗಿಲುಗಳು, ಫೋಟೋ, ಕಂಬ, ಕುಂಡ. ಎರಡನೆಯದನ್ನು ಒತ್ತಿದರೆ ಅವೆಲ್ಲ ಮಂಕಾಗಿ, ಹಿಂದಿನ ಓಣಿ ಎದ್ದು ಬರುತ್ತದೆ, ಅದರುದ್ದಕ್ಕೂ ನನ್ನ ಚುಕ್ಕೆ ಗೀಟುಗಳು. ಕೆಳಗೆ ಅವಳ ಹೆಸರು. ಅದರ ಪಕ್ಕದಲ್ಲಿ ನನ್ನದು. ನಾನು ಆವತ್ತು ಎಷ್ಟು ಸಲ ಒತ್ತಿದೆನೆಂದರೆ ಯಜಮಾನರು, "ಪಾಪ, ಅದಕ್ಕೂ ನೋವಾಗುತ್ತೆ" ಅಂದರು.

ಶನಿವಾರ ಡಾಕ್ಟರ ಮೊಮ್ಮಗನೂ ಬಂದರು. ನಲವತ್ತರ ಹತ್ತಿರದ ಮನುಷ್ಯ, ಮೆತ್ತಗಿನ ಮಾತು. ಎರಡನೆಯ ಚೌಕ ಒತ್ತಿ ಬಹಳ ಹೊತ್ತು ನೋಡಿದರು. "ಇಲ್ಲೊಂದು ಗೇಟ್ ಇತ್ತು ಅನ್ನೋದೇ ಮರೆತುಹೋಗಿತ್ತು. ಅಮ್ಮಾ, ನೀವೇನಾ ನಮ್ಮ ಮನೆಗೆ ಬರ್ತಿದ್ದಿದ್ದು?" ಅಂದರು.

ಅಲ್ಲಿ ನಾನು ಹೌದು ಅಂದು ಸುಮ್ಮನಾಗಬಹುದಿತ್ತು. ಆದರೆ ತುಂಬಿದ ಕೊಡ ಸದ್ದು ಮಾಡುವುದಿಲ್ಲ ಅಂತ ಗಾದೆ ಮಾಡಿದವರು ನನ್ನಂಥ ಕೊಡವನ್ನು ಕಂಡಿರಲಿಲ್ಲ. "ಬರ್ತಿದ್ದೆನಾ ಅಂತೀರಲ್ಲ ಸ್ವಾಮಿ" ಅಂತ ಶುರುಮಾಡಿದೆ. ಸೀಬೆ ಮರ ಹೇಳಿದೆ. ಉಲ್ಟಾ ತಿರುಗುತ್ತಿದ್ದ ನಲ್ಲಿ ಹೇಳಿದೆ. ಡಾಕ್ಟರು ಬಾಯಿಯನ್ನು ತೋಳಿಗೇ ಒರೆಸಿಕೊಳ್ಳುತ್ತಿದ್ದರು, ಬಲತೋಳಿನಲ್ಲಿ ಯಾವಾಗಲೂ ಸಾರಿನ ಕಲೆ, ಅದನ್ನು ಹೇಳಿದೆ. ಜನ ಸುತ್ತ ಸೇರಿದರು. ಜನ ಸೇರಿದ್ದು ಕಂಡು, "ನಿಮ್ಮಜ್ಜಿಯೋರು ಬಚ್ಚಿಟ್ಕೊಂಡು ಸಿಗರೇಟು ಸೇದೋರು. ಸೆರಗಲ್ಲಿ ಸುಟ್ಟ ತೂತು. ತಿಂಗಳಿಗೆ ಎರಡು ಸೀರೆ ನಾನೇ ಎಳೆ ಕೂಡಿಸಿ ಹೊಲಿದು ಕೊಡ್ತಿದ್ದೆ" ಅಂದುಬಿಟ್ಟೆ.

ಕಾವ್ಯ ನನ್ನ ಸೊಂಟ ಚಿವುಟಿದಳು. ಮೊಮ್ಮಗಳ ಹೆಸರು ಉಳಿಸಲು ಬಂದು ನಾನೇ ಮುಳುಗಿಸಿದೆ ಅಂದುಕೊಳ್ಳುವಷ್ಟರಲ್ಲಿ ಆ ಮನುಷ್ಯ ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ನಮ್ಮ ತಾತನಿಗೆ ಕೊನೇವರೆಗೂ ಗೊತ್ತಾಗಲಿಲ್ಲ ಅದು" ಅಂದರು. "ಈಗ ಅವರೊಬ್ಬರನ್ನ ಬಿಟ್ಟು ಎಲ್ಲರಿಗೂ ಗೊತ್ತಾಯ್ತು" ಅಂದರು ನಮ್ಮ ಯಜಮಾನರು. ಆ ಮನುಷ್ಯ ಎದ್ದು ನಿಂತು, ಕೈ ಮುಗಿದು, "ನಾನು ಬರೆದಿದ್ದು ತಪ್ಪಾಯ್ತಮ್ಮ. ಬೇರೆ ಯಾರೂ ಬರದಷ್ಟು ನೀವು ನಮ್ಮ ಮನೆಗೆ ಬಂದಿದ್ದೀರಿ. ಇನ್ನೊಂದ್ ಸಲ ಬರಬೇಕು. ಭಾನುವಾರ ಹೊರಮಾವಿಗೆ, ಊಟಕ್ಕೆ" ಅಂದರು.

ಹೋದೆವು. ಮೊಮ್ಮಗಳ ಜೊತೆ ರೇಷ್ಮೆ ಸೀರೆ ಉಟ್ಟು ಮುಂಬಾಗಿಲಿನಿಂದಲೇ ಹೋಗಬೇಕು ಅಂತ ತೀರ್ಮಾನಿಸಿಕೊಂಡು ಹೋದರೆ, ಆರನೇ ಮಹಡಿಯ ಆ ಮನೆಗೆ ಇದ್ದದ್ದೇ ಒಂದು ಬಾಗಿಲು. ನಡುಮನೆಯ ಸೋಫಾದ ಮೇಲೆ ನನ್ನನ್ನು ಕೂರಿಸಿದರು. ಡಾಕ್ಟರ ಮನೆಯ ನಡುಮನೆಯಲ್ಲಿ ನಾನು ಕೂತದ್ದು ಅದೇ ಮೊದಲು. ಗೋಡೆಯ ಮೇಲೆ ಏನೇನೋ ಚಿತ್ರ, ಗಾಜಿನ ಕಪಾಟಿನಲ್ಲಿ ಏನೇನೋ ಗೊಂಬೆ. ಏನನ್ನು ನೋಡಬೇಕು, ಹೇಗೆ ನೋಡಬೇಕು ತಿಳಿಯಲಿಲ್ಲ. ಅದೇ ಹೊತ್ತಿಗೆ ಕಣ್ಣು ತಾನಾಗಿ ಮನೆಯ ಹಿಂದಕ್ಕೆ ಹೋಯಿತು. ಅಡುಗೆ ಮನೆಯಾಚೆ ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿದ್ದವು. ಬಿಳಿಯ ಶರಟು, ಕಾಲರಿನ ಮಡಿಕೆಯಲ್ಲಿ ಕೊಳೆ ಹಾಗೇ ಇತ್ತು. ಮಿಷನ್ನಿನ ಒಗೆತ. ಕಾವ್ಯ ನನ್ನ ಕಣ್ಣು ಹೋದ ದಿಕ್ಕು ನೋಡಿ, "ಅಜ್ಜಿ, ಬೇಡ" ಅಂತ ಕಿವಿಯಲ್ಲಿ ಅಂದಳು. ಈಗ ನಕ್ಷೆಯಲ್ಲಿ ಹೆಸರಿರುವ ದೊಡ್ಡ ಮನುಷ್ಯಳು ನಾನು. ಬೇರೆಯವರ ಕಾಲರಿನ ಬಗ್ಗೆ ಮಾತಾಡಬಾರದು ಅಂತ ನನಗೂ ತಿಳಿಯುತ್ತದೆ. ತುಟಿ ಬಿಗಿದು, ಕೈ ಕಟ್ಟಿಕೊಂಡು, ತಡೆದುಕೊಂಡೆ. ಕಾಫಿ ಬರುವ ತನಕ ತಡೆದುಕೊಂಡೆ.